ಮೂರು ಮನೆಗೆ ಎರಡು ಕೈ

ಫೆಬ್ರವರಿ ೩

ಇವತ್ತಿನಿಂದ ನಾನು ಶತ್ರುಪಾಳೆಯದವಳು. ಅಪ್ಪ ಮನೆ ಕೊಂಡರು. ನಾವು ಇರುವುದಕ್ಕಲ್ಲ, ಬಾಡಿಗೆಗೆ ಕೊಡುವುದಕ್ಕೆ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಎಣ್ಣೆಯಲ್ಲಿ ಮಿಂದು ಗಳಿಸಿದ ನಿವೃತ್ತಿಯ ಹಣವನ್ನೆಲ್ಲ ಮೂರು ಸಂಸಾರದ ಒಂದು ಹಳೆಯ ಕಟ್ಟಡಕ್ಕೆ ಸುರಿದಿದ್ದಾರೆ. ಅಪ್ಪನ ಕಣ್ಣಿನ ನರ ಒಣಗುತ್ತಿದೆ. ದಿನಾ ಔಷಧಿ ಬಿಟ್ಟುಕೊಂಡರೆ ಇರುವಷ್ಟು ದೃಷ್ಟಿ ಉಳಿಯಬಹುದು ಎಂದಿದ್ದಾರೆ ವೈದ್ಯರು. "ಕಣ್ಣು ಹೋದ್ಮೇಲೂ ತಿಂಗಳು ತಿಂಗಳು ಏನಾದ್ರೂ ಬರ್ತಿರಬೇಕಲ್ಲಮ್ಮ" ಎಂಬುದು ಅಪ್ಪನ ವಾದ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅಲ್ಲಿಗೆ ಅಚ್ಚಿಗೆ ಬರುವ ಕರಪತ್ರಗಳೇ ನನ್ನ ಕಾಲೇಜು. ಸೂರು ಸರಕಲ್ಲ, ಹಕ್ಕು ಎಂದು ನಂಬಿದವಳು. ಇನ್ನೊಬ್ಬರ ತಲೆಯ ಮೇಲಿನ ಸೂರನ್ನು ಮಾರಿ ಉಣ್ಣುವ ಅನ್ನ ನಮಗೆ ಬೇಡ ಎಂದು ಮೂರು ವಾರ ಅಪ್ಪನ ಜೊತೆ ಜಗಳವಾಡಿದೆ.

ಆಮೇಲೆ ಆ ಮನೆ ನೋಡಲು ಹೋದೆ. ಹಿಂದಿನ ಕೋಣೆಯಲ್ಲಿ ಹೊಲಿಗೆಯಕ್ಕ ಇದ್ದಾರೆ. ಹನ್ನೊಂದು ವರ್ಷದಿಂದ ಒಂದೇ ಕೋಣೆ, ಒಂದೇ ಕಾಲುಮೆಷಿನ್ನು. ಗಂಡ ಇಲ್ಲ, ಮಕ್ಕಳಿಲ್ಲ. ನನ್ನನ್ನು ಕಂಡೊಡನೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕೇಳಿದ್ದು ಒಂದೇ ಮಾತು: "ಕೊಂಡವರು ನನ್ನ ಖಾಲಿ ಮಾಡಿಸ್ತಾರಾ ಅಮ್ಮಾ?"

"ನಾನಿರೋ ತನಕ ಯಾರೂ ನಿಮ್ಮನ್ನ ಕದಲಿಸಲ್ಲ ಅಕ್ಕಾ" ಎಂದೆ.

ಸಂಜೆ ಅಪ್ಪನಿಗೆ ಷರತ್ತು ಹಾಕಿದೆ. ಕೊಂಡದ್ದು ಕೊಂಡಾಯಿತು, ಆದರೆ ನಡೆಸುವವಳು ನಾನು, ನನ್ನ ರೀತಿಯಲ್ಲಿ. ಅಪ್ಪ ನಕ್ಕರು. "ಆಯ್ತು. ಬಾಯಲ್ಲಿ ಹೇಳ್ತಿದ್ದಿದ್ದನ್ನ ಕೈಯಲ್ಲಿ ಮಾಡು, ನೋಡೋಣ."

ಫೆಬ್ರವರಿ ೯

ಮಾವ ಬಂದಿದ್ದರು. ಅಮ್ಮನ ತಮ್ಮ. ನಾಲ್ಕು ಮನೆ ಬಾಡಿಗೆಗೆ ಬಿಟ್ಟಿದ್ದಾರೆ. ನನ್ನ ಕಣ್ಣಿಗೆ ನಾಲ್ಕು ಹಲ್ಲಿನ ಜಿಗಣೆ. ನನ್ನನ್ನು ಕರೆಯುವುದು "ಕರಪತ್ರ" ಎಂದು.

"ಬಾರಮ್ಮ ಕರಪತ್ರ, ನಿನ್ನ ಸಾಮ್ರಾಜ್ಯ ತೋರಿಸು" ಎಂದು ಹೊರಟವರು ಮನೆಯನ್ನು ನೋಡಿದ ರೀತಿಯೇ ಬೇರೆ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೀರು ಎಲ್ಲಿ ಸಣ್ಣಗಾಗುತ್ತದೆ ಎಂದು ನೋಡಿದರು. ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದರು, ಮೂಲೆಗಳನ್ನು ಮೂಸಿದರು. ಹೊಲಿಗೆಯಕ್ಕನ ಕೋಣೆಯಲ್ಲಿ ಗೋಡೆಗೆ ಅಂಗೈ ಊರಿ ಬಹಳ ಹೊತ್ತು ನಿಂತರು.

"ಭಾವ, ಇದನ್ನ ನೀವು ಬಿಸಿಲಲ್ಲಿ ಬಂದು ನೋಡಿದ್ರಿ ಅಲ್ವಾ?"

"ಹೌದು."

"ಮನೆ ಕೊಳ್ಳೋರು ಮಳೆ ಬಿಟ್ಟ ಮಾರನೇ ದಿನ ಬಂದು ನೋಡ್ಬೇಕು. ಬಿಸಿಲಲ್ಲಿ ಎಲ್ಲಾ ಗೋಡೆನೂ ಸಾಧುವೇ."

ಆಮೇಲೆ ಜಗುಲಿಯಲ್ಲಿ ಕೂತು ನನಗೆ ಪಾಠ. ವರ್ಷಕ್ಕೆ ಹನ್ನೆರಡು ತಿಂಗಳು ಬಾಡಿಗೆ ಬರುತ್ತದೆ ಎಂದು ನಂಬಬಾರದು, ಹನ್ನೊಂದು ಎಂದುಕೋ. ಒಂದು ತಿಂಗಳು ಯಾವುದಾದರೂ ಮನೆ ಖಾಲಿ ಬಿದ್ದೇ ಬೀಳುತ್ತದೆ. ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ರಿಪೇರಿಗೆ ಎತ್ತಿಟ್ಟು ನಿನಗೂ ಸಿಗದಂತೆ ಇಡು. ಯಾರೇ ಬರಲಿ, ಹೋಗಲಿ, ಗೋಡೆ ನೆಲದ ಫೋಟೋ ತೆಗೆದಿಡು. ಹೊಸಬರು ಬಂದರೆ ಈಗಿರುವ ಮನೆಯ ಓನರನ್ನು ಕೇಳಬೇಡ. "ಅವನಿಗೆ ಅವರು ಹೋದ್ರೆ ಸಾಕಾಗಿರತ್ತೆ, ಹೊಗಳಿ ಕಳಿಸ್ತಾನೆ. ಅದರ ಹಿಂದಿನ ಓನರನ್ನ ಕೇಳು. ಅವನಿಗೆ ಸುಳ್ಳು ಹೇಳಿ ಆಗ್ಬೇಕಾದ್ದೇನಿಲ್ಲ."

"ಮನುಷ್ಯರನ್ನ ದನದ ಹಲ್ಲು ನೋಡಿದ ಹಾಗೆ ನೋಡ್ತೀರಲ್ಲ ಮಾವ."

"ದನಕ್ಕೂ ಹಲ್ಲು ನೋಡಿ ಹುಲ್ಲು ಹಾಕ್ತೀವಿ ಕಣಮ್ಮ. ಇನ್ನೊಂದು ಕೇಳಿಸ್ಕೋ. ಬಾಡಿಗೆಯವರ ಮಧ್ಯೆ ಜಗಳ ಬಂದಾಗ ನ್ಯಾಯಾಧೀಶೆ ಆಗೋಕೆ ಹೋಗ್ಬೇಡ. ಪ್ಲಂಬರ್ ಆಗು. ಅರ್ಧ ಜಗಳ ಪೈಪಲ್ಲೇ ಇರತ್ತೆ."

"ನಾನು ಎರಡೂ ಆಗಲ್ಲ. ಅವರ ಮನೆ ಅವರೇ ನಡೆಸ್ಕೋತಾರೆ."

ಮಾವ ಅಮ್ಮನ ಕಡೆ ತಿರುಗಿ, "ಅಕ್ಕಾ, ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂದೋರು, ಬಾಡಿಗೆಗೆ ಕೊಟ್ಟು ನೋಡು ಅನ್ನೋದನ್ನ ಮರೆತುಬಿಟ್ಟರು" ಎಂದು ಚಹಾ ಮುಗಿಸಿ ಹೊರಟರು.

ಈ ಬೂರ್ಜ್ವಾ ಸುಭಾಷಿತಗಳನ್ನು ಬರೆದಿಡುತ್ತಿರುವುದು ಮುಂದೆ ಇದಕ್ಕೆಲ್ಲ ಒಂದೊಂದಾಗಿ ಉತ್ತರ ಕೊಡುವುದಕ್ಕೆ.

ಫೆಬ್ರವರಿ ೧೫

ಮೊದಲ ಮನೆಸಭೆ! ಹೊಲಿಗೆಯಕ್ಕನ ಕೋಣೆಯಲ್ಲಿ, ಬಟ್ಟೆಯ ಗಂಟುಗಳ ಮೇಲೆ ಕೂತು.

ನಿಯಮಗಳನ್ನು ನಾನೇ ಓದಿದೆ. ಒಂದು ಮನೆಗೆ ಒಂದು ಮತ. ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರಿಗೂ ಅವರ ಮನೆಯವರಿಗೂ ಮತವಿಲ್ಲ. ಬಾಡಿಗೆ, ರಿಪೇರಿ, ಯಾರು ಇರಬೇಕು ಎಲ್ಲವೂ ನಿವಾಸಿಗಳದೇ ತೀರ್ಮಾನ. ಬಹುಮತ ಏನು ಹೇಳುತ್ತದೋ ಅದಕ್ಕೆ ನಾನು ಬದ್ಧ. ಬಾಡಿಗೆಯವರು ಎಂಬ ಪದವನ್ನು ನಾನು ಇನ್ನು ಬಳಸುವುದಿಲ್ಲ. ಅವರು ನಿವಾಸಿಗಳು.

ಮುಂದಿನ ಮನೆಯ ಬೇಕರಿಯಣ್ಣ ಕಣ್ಣು ಉಜ್ಜಿಕೊಂಡರು. ಅವರು ಬೆಳಗಿನ ಮೂರಕ್ಕೆ ಬ್ರೆಡ್ ಒಲೆಯ ಮುಂದೆ ನಿಲ್ಲಬೇಕು, ಹತ್ತಕ್ಕೆ ಬಂದು ಮಲಗುತ್ತಾರೆ. "ಅಂದ್ರೆ ಬಾಡಿಗೆ ಎಷ್ಟು ಅಂತ ನಾವೇ ಹೇಳೋದಾ ಓನರಮ್ಮ? ಯಾರ ಮುಖ ನೋಡಿ ಎದ್ದೆನೋ ಇವತ್ತು!"

"ಓನರಮ್ಮ ಅನ್ಬೇಡಿ."

ಮಹಡಿಯ ಟೀಚರಮ್ಮ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವವರು. ಗಂಡ ದೂರದೂರಿನಲ್ಲಿ ಕೆಲಸ. ಇಲ್ಲಿ ಅವರು, ಅವರ ವಯಸ್ಸಾದ ತಾಯಿ. ಬಹಳ ಯೋಚಿಸಿ, ನಾಲ್ಕರಲ್ಲೊಂದು ಪಾಲು ಇಳಿಸಬಹುದು ಎಂದರು. ಎರಡು ಕೈ ಎದ್ದವು. ಹೊಲಿಗೆಯಕ್ಕ ಮಾತ್ರ ಕೈ ಎತ್ತಲಿಲ್ಲ.

"ಇಳಿಸೋದು ಬೇಡ ಕಣಮ್ಮ. ನಾಳೆ ಏನಾದ್ರೂ ಒಡೆದ್ರೆ, ಸೋರಿದ್ರೆ, ಎಲ್ಲಿಂದ ತರ್ತೀಯ?"

ಹನ್ನೊಂದು ವರ್ಷದ ಭಯ ಒಂದು ದಿನದಲ್ಲಿ ಹೋಗುವುದಿಲ್ಲ, ಪಾಪ. ಎರಡಕ್ಕೆ ಒಂದು. ತೀರ್ಮಾನ ಅಂಗೀಕಾರ. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ಜಗತ್ತು ಬದಲಾಗುವುದು ಹೀಗೆ, ಒಂದೊಂದು ಕೋಣೆಯಾಗಿ.

ಮಾರ್ಚ್ ೨೧

ಮೂರು ದಿನ ಸುರಿದ ಮಳೆ ನಿಂತಿದೆ. ಹೊಲಿಗೆಯಕ್ಕನ ಕೋಣೆಯ ಗೋಡೆಯಲ್ಲಿ ಒಂದು ಆಳೆತ್ತರಕ್ಕೆ ಕಪ್ಪು ಹಬ್ಬಿದೆ. ಮಳೆಯ ನೀರು ಮಾತ್ರವಲ್ಲವಂತೆ. ಮೇಲೆ ಟೀಚರಮ್ಮನ ಬಚ್ಚಲು, ಅದರ ಕೆಳಗೆ ಓಡುವ ಪೈಪು ಒಳಗೇ ಒಡೆದಿದೆ. ಪ್ಲಂಬರ್ ಗೋಡೆಗೆ ಕಿವಿಯಿಟ್ಟು ಕೇಳಿ, "ಬಚ್ಚಲ ನೆಲ ಒಡೀಬೇಕು. ಒಂದು ವಾರ ಆಗತ್ತೆ. ಈಗ ಮಾಡಿದ್ರೆ ಪೈಪು, ಬಿಟ್ರೆ ಗೋಡೆ, ಇನ್ನೂ ಬಿಟ್ರೆ ಮನೆ" ಎಂದ.

ಅಪ್ಪನ ಕೈ ಖಾಲಿ. ಇಳಿದ ಬಾಡಿಗೆಯಲ್ಲಿ ಎತ್ತಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮೂರು ಮನೆಯವರೂ ಪಾಲು ಹಾಕಿದರೆ ಆಗುತ್ತದೆ. ಸಭೆ ಕರೆದಿದ್ದೇನೆ. ಒಗ್ಗಟ್ಟಿಗೆ ಇದೇ ಮೊದಲ ಪರೀಕ್ಷೆ.

ಮಾರ್ಚ್ ೨೪

ಎರಡಕ್ಕೆ ಒಂದು. ರಿಪೇರಿ ಬೇಡ.

ಟೀಚರಮ್ಮ ಕೆಟ್ಟವರಲ್ಲ. ಶಾಲೆಯಲ್ಲಿ ಪರೀಕ್ಷೆ, ಮನೆಯಲ್ಲಿ ಜಾರಿ ಬೀಳುವ ವಯಸ್ಸಿನ ತಾಯಿ, ಒಂದು ವಾರ ಬಚ್ಚಲಿಲ್ಲದೆ ಎಲ್ಲಿಗೆ ಹೋಗಲಿ ಎಂದರು. "ಮಳೆಗಾಲ ಬರಲಿ ನೋಡೋಣ." ಬೇಕರಿಯಣ್ಣ, "ಸೋರ್ತಿರೋದು ಮೇಲಿಂದ, ನೆನೀತಿರೋದು ಹಿಂದೆ, ಮುಂದಿನವನು ಯಾಕೆ ಕೊಡ್ಬೇಕು?" ಎಂದರು.

ಹೊಲಿಗೆಯಕ್ಕ ಒಬ್ಬರೇ ಕೈ ಎತ್ತಿದ್ದರು. ನಾನು ಟಿಪ್ಪಣಿ ಬರೆದು ಮುಗಿಸುವ ತನಕ ಆ ಕೈ ಹಾಗೇ ಇತ್ತು. "ಅಕ್ಕಾ, ಇಳಿಸಿ, ಆಯ್ತು" ಎಂದೆ.

ಜನ ತಪ್ಪು ಮಾಡುವ ಹಕ್ಕನ್ನೂ ಪಡೆದಿರುತ್ತಾರೆ. ಎಲ್ಲೋ ಓದಿದ್ದೆ.

ಏಪ್ರಿಲ್ ೧೧

ಆಸ್ಪತ್ರೆಯ ದಾದಿಯರ ಬಿಳಿ ಕೋಟು ಹದಿನಾಲ್ಕು. ಹೊಲಿಗೆಯಕ್ಕ ಹದಿನೈದು ದಿನ ಕೂತು ಹೊಲಿದು, ಇಸ್ತ್ರಿ ಮಾಡಿ ಮೂಲೆಯ ಹಗ್ಗಕ್ಕೆ ತೂಗುಹಾಕಿದ್ದರು. ಗೋಡೆಯಿಂದ ಒಂದು ಮೊಳ ದೂರ ಬಿಟ್ಟೇ. ಬೆಳಿಗ್ಗೆ ನೋಡಿದರೆ ಮಾಳಿಗೆಯಿಂದ ತೊಟ್ಟಿಕ್ಕಿ ಒಂಬತ್ತು ಕೋಟಿನ ಹೆಗಲ ಮೇಲೆ ತುಕ್ಕುಬಣ್ಣದ ಕಲೆ. ನಾನು ಕೆಲಸಕ್ಕೆ ರಜೆ ಹಾಕಿ ಅವರ ಜೊತೆ ಕೂತು ಒಗೆದೆ. ಮಧ್ಯಾಹ್ನದ ತನಕ ಉಜ್ಜಿದೆವು. ಕಲೆ ತೆಳುವಾಯಿತೇ ಹೊರತು ಹೋಗಲಿಲ್ಲ.

"ಬಿಳಿ ಬಟ್ಟೆಗೆ ಹೇಳೋಕೆ ಬರಲ್ಲ ನೋಡು, ನಂದಲ್ಲ ತಪ್ಪು ಅಂತ" ಎಂದು ಹೊಲಿಗೆಯಕ್ಕ ನಕ್ಕರು. ಆಮೇಲೆ ನಗಲಿಲ್ಲ.

ಆಸ್ಪತ್ರೆಯವರು ಕೆಲಸ ಬೇರೆಯವರಿಗೆ ಕೊಟ್ಟರಂತೆ.

ಬರುವ ಸಭೆಯಲ್ಲಿ ಮತ್ತೆ ಮಂಡಿಸೋಣ ಎಂದು ಸಮಾಧಾನ ಹೇಳಿದೆ. "ನೀನೇ ಆ ಪ್ಲಂಬರಿಗೆ ಬಾ ಅಂದ್ರೆ ಆಗಲ್ವಾ?" ಎಂದು ಕೇಳಿದರು. ಅವರಿಗೆ ಇನ್ನೂ ಅರ್ಥವಾಗಿಲ್ಲ. ನಾನು ಬಾ ಎಂದರೆ ಅದು ಒಡತಿಯ ದಯೆ. ದಯೆ ಬೇಡ, ಹಕ್ಕು ಬೇಕು ಎಂದು ವಿವರಿಸಿದೆ. ತಲೆಯಾಡಿಸಿದರು.

ಏಪ್ರಿಲ್ ೧೯

ಅಪ್ಪ ಕಣ್ಣಿಗೆ ಔಷಧಿ ದಿನ ಬಿಟ್ಟು ದಿನ ಹಾಕಿಕೊಳ್ಳುತ್ತಿದ್ದಾರೆ. ಬಾಟಲಿ ಮುಗಿಯದೇ ಇದ್ದದ್ದು ಕಂಡು ಕೇಳಿದೆ.

"ಉರಿ ಆಗತ್ತೆ ಕಣಮ್ಮ, ಅದಕ್ಕೆ."

ಅಮ್ಮ ಒಳಗಿನಿಂದ, "ಉರಿ ಕಣ್ಣಲ್ಲಲ್ಲ, ಖಾಲಿ ಜೇಬಲ್ಲಿ ಅಂತ ನಂಗೊತ್ತು" ಎಂದರು.

ಮೇ ೬

ಬೇಕರಿಯಣ್ಣ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ತೂಕಡಿಸುತ್ತ ಬಿಸಿ ತಟ್ಟೆಯನ್ನು ಬರಿಗೈಯಲ್ಲಿ ಹಿಡಿದರಂತೆ. ಹಗಲು ನಿದ್ದೆ ಇಲ್ಲ, ಮೆಷಿನ್ನಿನ ಸದ್ದು ಎಂದರು.

"ಹನ್ನೊಂದು ವರ್ಷದಿಂದ ಇದ್ದ ಸದ್ದಲ್ವಾ ಅಣ್ಣಾ?"

"ಮೊದಲು ಮಧ್ಯಾಹ್ನ ಎರಡು ಗಂಟೆ ಹೊತ್ತು ನಿಲ್ತಿತ್ತು ಮೇಡಂ. ಈಗ ಹಗಲೆಲ್ಲ ಟಕಟಕಟಕ. ನನ್ನ ತಲೆಬುರುಡೆಗೇ ಹೊಲಿಗೆ ಹಾಕ್ತಿದಾರೇನೋ ಅನ್ಸತ್ತೆ."

ನಿಜ. ದೊಡ್ಡ ಕೆಲಸ ಹೋದ ಮೇಲೆ ಹಿಂದಿನ ಕೋಣೆಯವರು ಚಿಲ್ಲರೆ ಕೆಲಸ ಹಿಡಿದಿದ್ದಾರೆ. ಹರಿದ ದಿಂಬು, ಶಾಲೆಯ ಚೀಲ, ಉದ್ದದ ಪ್ಯಾಂಟು. ಅಷ್ಟೇ ಗಳಿಸಲು ಎರಡರಷ್ಟು ಹೊತ್ತು ತುಳಿಯಬೇಕು. ಇಬ್ಬರೂ ದುಡಿಯುವವರು, ಇಬ್ಬರೂ ಸರಿ. ಇಂಥ ಸಂದರ್ಭದ ಬಗ್ಗೆ ನನ್ನ ಬಳಿ ಇರುವ ಯಾವ ಹೊತ್ತಗೆಯಲ್ಲೂ ಒಂದು ಸಾಲಿಲ್ಲ. ಎಲ್ಲದರಲ್ಲೂ ಒಬ್ಬ ದುಡಿಯುವವನು, ಒಬ್ಬ ದುಡಿಸುವವನು.

ಮೇ ೧೪

ಬರೆಯಲೇಬೇಕು. ಆದದ್ದನ್ನು ಆದ ಹಾಗೆ.

ಟೀಚರಮ್ಮನ ತಾಯಿ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಇನ್ನು ಮಹಡಿ ಹತ್ತುವಂತಿಲ್ಲ. ಸಭೆಯಲ್ಲಿ ಟೀಚರಮ್ಮ ಕಣ್ಣಲ್ಲಿ ನೀರು ತಂದುಕೊಂಡೇ ಕೇಳಿದರು: "ಹಿಂದಿನ ಕೋಣೆ ನಮಗೆ ಸಿಗಬಹುದಾ? ಅಮ್ಮನಿಗೆ. ಕೆಳಗೆ ಬೇರೆ ಕೋಣೆ ಇಲ್ಲ. ಬಾಡಿಗೆ ಅದರದ್ದೂ ನಾನೇ ಕೊಡ್ತೀನಿ."

ಹಿಂದಿನ ಕೋಣೆಯವರು ಒಂದು ಲಂಗದ ಅಂಚು ಮಡಿಸುತ್ತಿದ್ದರು.

"ಅಲ್ಲಿ ಗೋಡೆ ಒದ್ದೆ ಇದೆ ಟೀಚರೇ" ಎಂದರು ಅವರು, ತಲೆ ಎತ್ತದೆ. "ಮುರಿದ ಮೂಳೆಗೆ ಥಂಡಿ ಆಗಲ್ಲ."

ಅವರು ಹೇಳಿದ್ದು ಅಷ್ಟೇ. ತನ್ನ ಬಗ್ಗೆ ಒಂದು ಮಾತಿಲ್ಲ.

ಬೇಕರಿಯಣ್ಣ ನನ್ನನ್ನು ನೋಡಿದರು, ತನ್ನ ಸುಟ್ಟ ಅಂಗೈಯನ್ನು ನೋಡಿಕೊಂಡರು. "ನಂಗೆ ಯಾರ ಮೇಲೂ ದ್ವೇಷ ಇಲ್ಲ. ಮಲಗಿದ್ರೆ ಸಾಕಾಗಿದೆ" ಎಂದು ಕೈ ಎತ್ತಿದರು. ಟೀಚರಮ್ಮನ ಕೈ ಆಗಲೇ ಮೇಲಿತ್ತು.

ಯಾರು ಇರಬೇಕು ಎಂಬುದೂ ಸಭೆಯ ತೀರ್ಮಾನ ಎಂದು ಬರೆದವಳು ನಾನು. ಹೊಸ ಓನರುಗಳು ಬಂದು ಯಾರನ್ನೂ ಕಳಿಸಬಾರದೆಂದೇ ಆ ಸಾಲು ಸೇರಿಸಿದ್ದೆ.

ಮೇ ೧೫

ಮಾವನನ್ನು ಅಮ್ಮನೇ ಕರೆಸಿದ್ದರು. ಎಲ್ಲ ಕೇಳಿಸಿಕೊಂಡರು. ಗೇಲಿ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ.

"ಏನಮ್ಮಾ, ಮೂರು ಜನರನ್ನ ಕೂರಿಸಿ ಕೈ ಎತ್ತಿಸಿದ್ರೆ ಇಬ್ಬರು ಯಾವಾಗ್ಲೂ ಒಂದು ಕಡೆ ಇರ್ತಾರೆ. ಆ ಇನ್ನೊಬ್ಬರು ಯಾರಾಗಿರ್ತಾರೆ ಅಂತ ಯೋಚಿಸಿದ್ಯಾ?"

"ನಿಮ್ಮ ಮನೆಗಳಲ್ಲಿ ಎಲ್ಲರ ಪರವಾಗಿ ನೀವೊಬ್ಬರೇ ಕೈ ಎತ್ತುತ್ತೀರಲ್ಲ ಮಾವ."

"ಹೌದು, ಎತ್ತುತ್ತೀನಿ. ತಪ್ಪಾದ್ರೆ ಬಂದು ನನ್ನ ಕೊರಳಪಟ್ಟಿ ಹಿಡೀತಾರೆ. ನಿನ್ನ ಮನೇಲಿ ಯಾರ ಕೊರಳಪಟ್ಟಿ ಹಿಡೀಬೇಕು?"

ಅಮ್ಮ ಹೇಳಿದರು, "ಒಂದೇ ಒಂದು ಸಲ ಬೇಡ ಅನ್ನು. ನಾಲಿಗೆ ಸವೆದುಹೋಗತ್ತಾ ನಿಂದು?"

ಒಂದು ಸಲ ಬೇಡ ಎಂದರೆ ಸಭೆ ಎಂಬುದು ನಾಟಕ ಎಂದಾಗುತ್ತದೆ. ನನಗೆ ಇಷ್ಟವಾದಾಗ ಪ್ರಜಾಪ್ರಭುತ್ವ, ಇಷ್ಟವಾಗದಿದ್ದಾಗ ಬೀಗದ ಕೈ. ಆಗ ನನಗೂ ಮಾವನಿಗೂ ಏನು ವ್ಯತ್ಯಾಸ? ಇದನ್ನು ಹೇಳಿದೆ. ಅಪ್ಪ ಕತ್ತು ಆಚೀಚೆ ತಿರುಗಿಸಿ, ಈಗೀಗ ಉಳಿದಿರುವ ನಡುವಿನ ಕಿರಿದಾದ ದೃಷ್ಟಿಯಿಂದ, ನನ್ನ ಮುಖವನ್ನು ಹುಡುಕಿದರು.

"ನಟ್ಟು ಸಡಿಲ ಇದೆ ಅಂತ ಗೊತ್ತಿದ್ದೂ ಬಸ್ಸನ್ನ ರೋಡಿಗೆ ಬಿಟ್ಟರೆ, ಟೈಮ್‌ಟೇಬಲ್ ಪ್ರಕಾರ ಬಿಟ್ಟೆ ಅನ್ನೋಕಾಗಲ್ಲ ಮಗಾ" ಎಂದರು.

ಅಪ್ಪನಿಗೆ ತತ್ತ್ವ ಅರ್ಥವಾಗುವುದಿಲ್ಲ.

ಮೇ ೧೭

ಪತ್ರವನ್ನು ಮುದ್ರಣಾಲಯದಲ್ಲೇ ಅಚ್ಚು ಮಾಡಿದೆ. ಎರಡು ಸಲ ಕರಡು ತಿದ್ದಿದೆ. 'ತೆರವುಗೊಳಿಸಬೇಕಾಗಿ ವಿನಂತಿ'. ಸಂಜೆ ನಾನೇ ಕೊಂಡುಹೋದೆ. ಅಂಚೆಯಲ್ಲಿ ಹಾಕಿದ್ದರೆ ಹೇಡಿತನವಾಗುತ್ತಿತ್ತು.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಡಿಸಿ ಮೆಷಿನ್ನಿನ ಖಾನೆಯಲ್ಲಿಟ್ಟರು.

"ಇಬ್ಬರು ಕೈ ಎತ್ತಿದ್ರು. ನೀನು ಯಾವ ಕಡೆ ಎತ್ತಿದೆ?"

"ನಂಗೆ ಮತ ಇಲ್ಲ ಅಕ್ಕಾ. ನಿಮಗೇ ಗೊತ್ತಲ್ಲ."

"ಬೇಕರಿಯವರನ್ನ ಕೇಳಿದೆ. ನಾನೆಲ್ಲಿ ಕಳಿಸ್ದೆ ಅಕ್ಕಾ, ಮೀಟಿಂಗ್ ಕಳಿಸ್ತು ಅಂದ್ರು. ಟೀಚರ್ ಮುಖ ಕೊಡ್ತಿಲ್ಲ. ನಿಂಗೆ ಮತ ಇಲ್ಲ ಅಂತೀಯ." ನೂಲಿನ ಉಂಡೆಯನ್ನು ಎತ್ತಿ ಬೆಳಕಿಗೆ ಹಿಡಿದು ತುದಿ ಹುಡುಕುತ್ತಿದ್ದರು. "ಹಳೇ ಓನರ್ ಕಳಿಸ್ತೀನಿ ಅಂದಾಗ ಅವನಿಗೆ ಶಾಪನಾದ್ರೂ ಹಾಕಿದ್ದೆ. ಈಗ ಯಾರಿಗೆ ಹಾಕ್ಲಿ?"

"ನಂಗೆ ಹಾಕಿ ಅಕ್ಕಾ."

"ನಿಂಗಾ? ನಿಂಗೆ ಕೈಯೇ ಇಲ್ವಲ್ಲಮ್ಮ."

ಚಹಾ ಕುಡಿದು ಹೋಗು ಎಂದರು. ಕುಡಿದೆ. ಲೋಟ ನಾನೇ ತೊಳೆದಿಟ್ಟೆ.

ಮೇ ೧೮

ಕೆಲಸಕ್ಕೆ ಹೋದೆ. ಬಂದೆ.

ಮೇ ೨೬

ಹಿಂದಿನ ಕೋಣೆಯವರು ದಿನಾ ಮಧ್ಯಾಹ್ನ ಮನೆ ಹುಡುಕುತ್ತಿದ್ದಾರೆ. ಒಂಟಿ ಹೆಂಗಸು, ಮೆಷಿನ್ನಿನ ಸದ್ದು, ಖಾಯಂ ಸಂಬಳ ಇಲ್ಲ. ಏಳು ಕಡೆ ಇಲ್ಲ ಎಂದರಂತೆ. ಒಬ್ಬ ಓನರ್ ಮಾತ್ರ ಈಗಿರುವ ಮನೆಯ ಓನರಿನ ಫೋನ್ ನಂಬರ್ ಕೇಳಿ ನನಗೆ ಫೋನ್ ಮಾಡಿದ. ಒಳ್ಳೆಯವರು, ಬಾಡಿಗೆ ಒಂದು ದಿನ ತಡ ಮಾಡಿದವರಲ್ಲ ಎಂದೆ. "ಮತ್ಯಾಕೆ ಕಳಿಸ್ತಿದೀರಿ?" ಎಂದ. ಸಭೆಯ ವಿಷಯ ಹೇಳತೊಡಗಿದೆ. ಅವನು ಕಡೆತನಕ ಕೇಳಲಿಲ್ಲ.

ಜೂನ್ ೧

ಹಿಂದಿನ ಕೋಣೆ ಖಾಲಿಯಾಯಿತು.

ಬೆಳಿಗ್ಗೆ ಮಾವ ಒಂದು ಗೂಡ್ಸ್ ಆಟೋ ತಂದು ನಿಲ್ಲಿಸಿದರು. ತಮ್ಮ ನಾಲ್ಕು ಮನೆಗಳಲ್ಲಿ ಒಂದರ ಪಕ್ಕದ ಕೋಣೆ ಕೊಟ್ಟಿದ್ದಾರೆ. ದಾನವಲ್ಲ. ಇಲ್ಲಿಗಿಂತ ಹೆಚ್ಚು ಬಾಡಿಗೆ, ಮೇಲೆ ಅಡ್ವಾನ್ಸು, ಸಹಿ ಹಾಕಿದ ಕರಾರು. ಅಡ್ವಾನ್ಸನ್ನು ಎರಡು ಕಂತಿನಲ್ಲಿ ಎಂದು ಒಪ್ಪಿದ್ದಾರಷ್ಟೇ. ನನ್ನೆದುರಿಗೇ ಇಬ್ಬರೂ ಚೌಕಾಸಿ ಮಾಡಿದರು.

"ಸುಣ್ಣ ಬಳಿಸಿ ಕೊಡ್ತೀರಾ ಇಲ್ವಾ?"

"ಹೋದ ವರ್ಷ ಬಳಿಸಿದ್ದು ಕಣವ್ವ."

"ಹೋದ ವರ್ಷ ನಾನಿರಲಿಲ್ಲ."

"ಅಯ್ಯೋ ತಗೋ, ಬಳಿಸ್ತೀನಿ. ನಿನ್ನ ಹತ್ರ ಮಾತಾಡೋಕಾಗಲ್ಲ."

ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಆ ಹೆಂಗಸು ದನಿ ಎತ್ತಿ ಮಾತಾಡಿದ್ದು ಕೇಳಿದೆ. ನಮ್ಮ ಸಭೆಗಳಲ್ಲಿ ಹೀಗೆ ಮಾತಾಡಿದ್ದರೆ ಏನಾಗುತ್ತಿತ್ತೋ.

ಮೆಷಿನ್ನನ್ನು ಎತ್ತುವಾಗ ಬೇಕರಿಯಣ್ಣನೂ ಸುಡದಿದ್ದ ಕೈ ಕೊಟ್ಟರು. ಆಟೋ ತಿರುವು ದಾಟಿದ ಮೇಲೆ ಒಳಗೆ ಹೋಗಿ ಗೋಡೆ, ನೆಲ, ಕಿಟಕಿಗಳ ಫೋಟೋ ತೆಗೆದಿಟ್ಟೆ. ನೆಲದಲ್ಲಿ ಮೆಷಿನ್ನಿನ ಕಾಲು ಊರಿದ್ದ ಕಡೆ ನಾಲ್ಕು ಗುಳಿ ಬಿದ್ದಿವೆ. ಅಡ್ವಾನ್ಸ್ ತೆಗೆದುಕೊಂಡಿದ್ದರೆ ಅದರಲ್ಲಿ ಮುಚ್ಚಿಸಬಹುದಾಗಿತ್ತು.

ಜೂನ್ ೨೨

ಅವರ ಹೆಸರಿಗೆ ಒಂದು ಕಾಗದ ಬಂದಿತ್ತು, ಕೊಡಲು ಹೋದೆ. ಮಾವನ ಆ ಕೋಣೆ ನಮ್ಮದಕ್ಕಿಂತ ಚಿಕ್ಕದು. ಗೋಡೆ ಒಣಗಿದೆ. ಹೊಲಿಯುತ್ತಿದ್ದರು, ಆದರೆ ಬಾಗಿಲಿಗೆ ಬರುವ ತನಕ ಸದ್ದೇ ಕೇಳಲಿಲ್ಲ.

ಮೆಷಿನ್ನಿನ ನಾಲ್ಕು ಕಾಲಿಗೂ ಹಳೆಯ ಟೈರಿನ ದಪ್ಪ ತುಂಡು.

"ಬಂದ ಎರಡನೇ ದಿನ ಪಕ್ಕದ ಮನೆಯವರು ಸದ್ದು ಅಂತ ಕೂಗಾಡಿದ್ರು. ನಿಮ್ಮ ಮಾವ ನಂಗೂ ಬೈದ್ರು, ಅವರಿಗೂ ಬೈದ್ರು, ಹೋಗಿ ಟೈರ್ ಕೊಯ್ಸಿಕೊಂಡು ಬಂದ್ರು. ಅರ್ಧ ಗಂಟೆ ಕೆಲಸ." ಕಾಲು ತುಳಿಯುವುದನ್ನು ನಿಲ್ಲಿಸಲಿಲ್ಲ. "ಕಾಗದ ಅಲ್ಲಿಡು."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಡಿಪೋದಲ್ಲಿ ಎಂಜಿನ್ ಅದುರಿದರೆ ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದಂತೆ. "ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ" ಎಂದರು.

ಅಪ್ಪನಿಗೂ ಮತವಿರಲಿಲ್ಲ. ಆಸ್ತಿ ಅವರ ಹೆಸರಿನಲ್ಲಿತ್ತು.

ಜುಲೈ ೫

ಮನೆಸಭೆ. ಈಗ ಇಬ್ಬರೇ. ನಾನು ಮೊದಲೇ ಹೋಗಿ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡಿದ್ದೆ. ಬಾಡಿಗೆಯವರು ಒಬ್ಬೊಬ್ಬರಾಗಿ ಬಂದರು.

ವಿಷಯ: ಹಿಂದಿನ ಕೋಣೆಯ ಗೋಡೆ. ಟೀಚರಮ್ಮನ ತಾಯಿಯ ಮಂಚದ ಕಾಲ ತನಕ ನೀರು ಬಂದಿದೆ. ಮುದುಕಿಗೆ ಕೆಮ್ಮು ಹತ್ತಿದೆ, ಆ ಸದ್ದಿಗೆ ಬೇಕರಿಯಣ್ಣನಿಗೆ ಮತ್ತೆ ಹಗಲು ನಿದ್ದೆ ಇಲ್ಲ. ಆದರೂ ಪಾಲು ಕೊಡಲು ಮನಸ್ಸಿಲ್ಲ. ಟೀಚರಮ್ಮ ಕೈ ಎತ್ತಿದರು, ಬೇಕರಿಯಣ್ಣ ಎತ್ತಲಿಲ್ಲ. ಒಂದಕ್ಕೆ ಒಂದು. ಮುಂದೆ ಏನು ಎಂದು ನನ್ನ ನಿಯಮಗಳಲ್ಲಿ ಇಲ್ಲ.

"ಓನರಮ್ಮ, ನೀವೇ ಒಂದು ಹೇಳಿಬಿಡಿ" ಎಂದರು ಬೇಕರಿಯಣ್ಣ. "ಮೀಟಿಂಗ್ ಮಾಡ್ತಾ ಕೂತ್ರೆ ನಂಗೆ ಇರೋ ನಿದ್ದೇನೂ ಹೋಗತ್ತೆ."

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಒಳಗೆ ಮುದುಕಿ ಕೆಮ್ಮುತ್ತಿದ್ದರು. ನಾನು ಕೈ ಎತ್ತಿದೆ.

ಅಷ್ಟೇ. ಯಾರೂ ಆಕ್ಷೇಪಿಸಲಿಲ್ಲ. ಬೇಕರಿಯಣ್ಣ ಆಕಳಿಸಿ ಎದ್ದುಹೋದರು, ಟೀಚರಮ್ಮ ಥ್ಯಾಂಕ್ಸ್ ಎಂದರು. ಅಲ್ಲಿಂದಲೇ ಪ್ಲಂಬರಿಗೆ ಫೋನ್ ಮಾಡಿ, ಖರ್ಚು ಬರುವ ತಿಂಗಳ ಬಾಡಿಗೆ ಏರಿಸಿ ಹೊಂದಿಸುತ್ತೇನೆ, ಸೋಮವಾರ ಬಾ ಎಂದೆ. ಬರುತ್ತಾನಂತೆ. ನೆಲ ಒಡೆದು ಪೈಪು ಬದಲಿಸಿದ ಮೇಲೆ ಗೋಡೆ ತಾನೇ ಒಣಗುತ್ತದೆ, ಮತ್ತೇನೂ ಮಾಡಬೇಕಾಗಿಲ್ಲ ಎಂದ.